ಶೆಡ್ಡಿನಲ್ಲಿ ನಿಂತ ಹಳೇ ಬೀಟಲ್ ಇಂಜಿನ್ ಎಬ್ಬಿಸುವ ಕ್ರಮ

ಕೊಡಗಿನ ಹಳೇ ತೋಟದ ಮನೆಗಳ ಶೆಡ್ಡಿಗೆ ಇಣುಕಿದರೆ ಕಾಫಿ ಚೀಲ, ಮೆಣಸು ಕುಯ್ಯುವ ಏಣಿ, ಸ್ಪ್ರೇ ಪಂಪುಗಳ ಹಿಂದೆ ಟಾರ್ಪಾಲ್ ಹೊದ್ದು ಮಲಗಿದ ಗಾಡಿಯೊಂದು ಇದ್ದೇ ಇರುತ್ತದೆ. ಜಾಸ್ತಿ ಜೀಪು, ಅಪರೂಪಕ್ಕೆ ಬೀಟಲ್, ಅಂದರೆ ಇಂಜಿನ್ ಹಿಂದೆ ಇರುವ ಫೋಕ್ಸ್‌ವ್ಯಾಗನ್ನಿನ ದುಂಡು ಕಾರು. ನಮ್ಮದು ಬೀಟಲ್. 1300 ಸಿಸಿ, ಅಜ್ಜನ ಕಾಲದ್ದು. ನಾಪೋಕ್ಲು ಕಡೆಯ ತೋಟದಲ್ಲಿ ಒಂಬತ್ತು ಮಳೆಗಾಲ ನಿಂತಲ್ಲೇ ಕಳೆದಿತ್ತು. ಅದನ್ನು ಎಬ್ಬಿಸುವಾಗ ನಾನು ಸರಿ ಮಾಡಿದ್ದು, ಹಾಳು ಮಾಡಿದ್ದು ಎರಡನ್ನೂ ಇಲ್ಲಿ ಬರೆಯುತ್ತೇನೆ.

ಬಿಡಿಭಾಗ ಸಿಗುತ್ತದಾ ಅನ್ನುವ ಭಯ ಬೇಡ. ಈ ಗಾಡಿ ಮೆಕ್ಸಿಕೋದಲ್ಲಿ 2003ರವರೆಗೂ ತಯಾರಾಗುತ್ತಿತ್ತು, ಒಟ್ಟು 2 ಕೋಟಿ 15 ಲಕ್ಷಕ್ಕೂ ಜಾಸ್ತಿ ಹೊರಬಂದಿವೆ. ಗ್ಯಾಸ್ಕೆಟ್, ಪಾಯಿಂಟ್, ವಾಲ್ವ್ ಎಲ್ಲ ಇವತ್ತಿಗೂ ತರಿಸಬಹುದು. ಬೇಕಾಗಿರುವುದು ಪುರುಸೊತ್ತು. ತುಲಾ ಸಂಕ್ರಮಣ ಕಳೆದು ಹುತ್ತರಿ ಹಬ್ಬ ಬರುವುದರ ಒಳಗೆ ಕೆಲಸ ಮುಗಿಸಿ. ಕಾಫಿ ಕುಯ್ಲು ಜೋರಾದರೆ ಆಮೇಲೆ ಸ್ಪ್ಯಾನರ್ ಹಿಡಿಯಲು ಒಬ್ಬರೂ ಸಿಗುವುದಿಲ್ಲ. ಮಳೆಗಾಲದಲ್ಲಂತೂ ಕೈ ಹಾಕಲೇಬೇಡಿ. ಬಿಚ್ಚಿಟ್ಟ ಬ್ಯಾರಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಮೇಲೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಕೂತಿರುತ್ತದೆ.

ಮೊದಲ ದಿನ ಬ್ಯಾಟರಿ ಮುಟ್ಟಬೇಡಿ

ನಿಂತ ಗಾಡಿ ನೋಡಿದ ಕೂಡಲೇ ಎಲ್ಲರಿಗೂ ಬರುವ ಆಸೆ ಒಂದೇ: ಜೀಪಿನ ಬ್ಯಾಟರಿ ತಂದು ಒಂದು ಸೆಲ್ಫ್ ಹೊಡೆದು ನೋಡೋಣ. ನಮ್ಮ ಚಿಕ್ಕಪ್ಪನ ಮಗ ಬ್ಯಾಟರಿ ಹೊತ್ತುಕೊಂಡೇ ಬಂದಿದ್ದ. ಬೇಡ ಅಂದೆ. ಪಿಸ್ಟನ್ ರಿಂಗು ಬ್ಯಾರಲ್ಲಿಗೆ ಅಂಟಿಕೊಂಡಿರುವಾಗ ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತದೆ. ಒಂದು ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡಿದ್ದರೂ ಸಾಕು, ಅದನ್ನು ತೆರೆಯಲು ತಳ್ಳುವ ಪುಶ್ ರಾಡ್ ಬಾಗುತ್ತದೆ. ಇನ್ನೊಂದು ಮಾತು: ಸುಮಾರು 1967ಕ್ಕಿಂತ ಹಿಂದಿನ ಬೀಟಲ್ ಜಾಸ್ತಿ 6 ವೋಲ್ಟ್. ಜೀಪಿನ 12 ವೋಲ್ಟ್ ಬ್ಯಾಟರಿ ಕೊಡುವ ಮೊದಲು ಅದನ್ನು ನೋಡಿಕೊಳ್ಳಿ.

ನಾಲ್ಕೂ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಸುತ್ತಲಿನ ಕಸವನ್ನು ಗಾಳಿ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸೀದಾ ಒಳಗೆ. ಪ್ಲಗ್ ಸುಲಭಕ್ಕೆ ತಿರುಗದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಹೆಡ್ಡು ಅಲ್ಯೂಮಿನಿಯಂ, ಥ್ರೆಡ್ ಕಿತ್ತು ಬಂದರೆ ಮೈಸೂರಿನ ಲೇತ್ ಅಂಗಡಿಗೆ ಅಲೆಯಬೇಕಾಗುತ್ತದೆ. ಆಮೇಲೆ ಪ್ರತಿ ಸಿಲಿಂಡರಿಗೂ ಆಯಿಲ್ ಬಿಡಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಈ ಇಂಜಿನ್ನಿನ ಸಿಲಿಂಡರ್‌ಗಳು ಅಡ್ಡ ಮಲಗಿವೆ, ಸುಮ್ನೆ ಆಯಿಲ್ ಸುರಿದರೆ ಎಲ್ಲ ಕೆಳಗಿನ ಗೋಡೆಗೆ ಇಳಿದು ನಿಲ್ಲುತ್ತದೆ, ರಿಂಗಿನ ಮೇಲ್ಭಾಗ ಒಣಗಿಯೇ ಇರುತ್ತದೆ. ಸ್ಪ್ರೇ ಡಬ್ಬಿಯ ತೆಳು ಪೈಪಿನ ತುದಿ ಸ್ವಲ್ಪ ಬಗ್ಗಿಸಿ, ಮೇಲ್ಮುಖವಾಗಿ ಹೊಡೆಯಿರಿ. ಎರಡು ದಿನ ಹಾಗೇ ಬಿಡಿ.

ಗಾಳಿಯ ದಾರಿ

ಆ ಎರಡು ದಿನದಲ್ಲಿ ಮಾಡುವ ಕೆಲಸವೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಜನ ಇದನ್ನೇ ಬಿಡುತ್ತಾರೆ. ಈ ಇಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಗಾಳಿ, ಆಯಿಲ್ ಎರಡೇ. ಹಾಗಾಗಿ ಪಿಸ್ಟನ್ ಹೇಗಿದೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ನೋಡಿ. ಹಿಂದಿನ ಗಾಜಿನ ಕೆಳಗಿರುವ ಸೀಳುಗಳಿಂದ ಗಾಳಿ ಒಳಗೆ ಬರುತ್ತದೆ, ಡೈನಮೋ ತುದಿಯಲ್ಲಿರುವ ಫ್ಯಾನ್ ಅದನ್ನು ಎಳೆದು ದೊಡ್ಡ ತಗಡಿನ ಹೌಸಿಂಗ್ ಮೂಲಕ ನಾಲ್ಕೂ ಸಿಲಿಂಡರ್ ಮೇಲೆ ತಳ್ಳುತ್ತದೆ, ಬಿಸಿಯಾದ ಗಾಳಿ ಕೆಳಗಿನಿಂದ ಹೊರಗೆ.

ಫ್ಯಾನ್ ಹೌಸಿಂಗಿನ ಬಾಯಿ ಹಿಂಬದಿಯಲ್ಲಿ, ಸೀಟಿನ ಕಡೆಗೆ ಮುಖ ಮಾಡಿದೆ. ಅಲ್ಲಿಗೆ ಕೈ ಹಾಕಿ, ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿ. ನಾನು ಕೈ ಹಾಕಿದಾಗ ಮೆತ್ತಗೆ ಏನೋ ಸಿಕ್ಕಿತು. ಎಳೆದರೆ ಬರುತ್ತಲೇ ಇತ್ತು. ಸಿಲ್ವರ್ ಓಕ್ ಎಲೆ, ಗೋಣಿಚೀಲದ ದಾರ, ಸೀಟಿನೊಳಗಿನ ನಾರು, ಜೊತೆಗೆ ಒಂದು ಹಿಡಿ ಕಾಫಿ ಸಿಪ್ಪೆ. ಇಲಿ ಸಂಸಾರವೇ ಹೂಡಿತ್ತು. ಅದರ ಹಿಂದೆ ಆಯಿಲ್ ಕೂಲರ್ ಮೇಲೆ ಕಣಜ ಕಟ್ಟಿದ ಮಣ್ಣಿನ ಗೂಡುಗಳು, ಸಿಮೆಂಟಿನಷ್ಟು ಗಟ್ಟಿ. ಹಾಗೇ ಸ್ಟಾರ್ಟ್ ಮಾಡಿ ಮಡಿಕೇರಿಗೆ ಹೊರಟಿದ್ದರೆ ಮೂರ್ನಾಡು ದಾಟುವುದೂ ಅನುಮಾನವಿತ್ತು.

ಗೂಡು ಸಿಕ್ಕಿದರೆ ಇಂಜಿನ್ ಇಳಿಸಿಯೇ ತೊಳೆಯಿರಿ. ಗಾಡಿಯಲ್ಲಿದ್ದಂತೆಯೇ ಹೌಸಿಂಗ್ ಎತ್ತಲು ಹೋಗಿ ಕೈ ಕೆರೆದುಕೊಂಡವರು ಬಹಳ. ಇಳಿಸುವುದು ನೋಡಿದಷ್ಟು ಕಷ್ಟವಲ್ಲ. ಇಂಜಿನ್ ಗೇರ್‌ಬಾಕ್ಸಿಗೆ ನಿಂತಿರುವುದು ಬರೀ ನಾಲ್ಕು ಕಡೆ, 17ರ ಸ್ಪ್ಯಾನರ್ ಸಾಕು. ಬ್ಯಾಟರಿ ವೈರ್ ಕಳಚಿ, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ, ಆಕ್ಸಿಲರೇಟರ್ ಕೇಬಲ್, ಡೈನಮೋ ಮತ್ತು ಕಾಯಿಲ್ ವೈರು, ಕೆಳಗಿನಿಂದ ಹೀಟರ್ ಕೇಬಲ್ ಬಿಡಿಸಿ. ಪ್ರತಿ ವೈರಿಗೂ ಪ್ಲಾಸ್ಟರ್ ಅಂಟಿಸಿ ನಂಬರ್ ಬರೆಯಿರಿ, ಫೋಟೋ ತೆಗೆಯಿರಿ. ತೂಕ ಸುಮಾರು 110 ಕೆಜಿ. ಚಕ್ರವಿರುವ ಜ್ಯಾಕ್ ಒಂದು, ಗಟ್ಟಿ ಆಳು ಇಬ್ಬರು ಬೇಕು. ಗಾಡಿಯ ಹಿಂಭಾಗವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕಲ್ಲು, ಸಿಲ್ವರ್ ಓಕ್ ತುಂಡು ಇಟ್ಟು ಅದರಡಿ ಮಲಗುವ ಧೈರ್ಯ ಮಾಡಬೇಡಿ. ಇಂಜಿನ್ನನ್ನು ನೇರ ಹಿಂದಕ್ಕೆ ಎಳೆಯಬೇಕು. ಅರ್ಧ ಎಳೆದು ಬಿಟ್ಟರೆ ಭಾರವೆಲ್ಲ ಗೇರ್‌ಬಾಕ್ಸ್ ಶಾಫ್ಟಿನ ಮೇಲೆ ಬೀಳುತ್ತದೆ.

ಹೌಸಿಂಗ್ ಎತ್ತುವ ಮೊದಲು ಬಲಬದಿ ಸಿಲಿಂಡರ್‌ಗಳ ಕೆಳಗಿರುವ ಥರ್ಮೋಸ್ಟಾಟ್ ಬಿಚ್ಚಿ. ನೋಡಲು ಹಿತ್ತಾಳೆಯ ಪುಟ್ಟ ಹಾರ್ಮೋನಿಯಂ ತಿದಿಯ ಹಾಗಿದೆ. ಇದು ಸುಮಾರು 65ರಿಂದ 70 ಡಿಗ್ರಿಗೆ ಹಿಗ್ಗಿ ಹೌಸಿಂಗಿನ ಒಳಗೆ ಗಾಳಿ ತಡೆಯುವ ಬಾಗಿಲುಗಳನ್ನು ತೆರೆಯುತ್ತದೆ. ತೂತಾದರೆ ಹಿಗ್ಗಿಕೊಂಡೇ ಇರುತ್ತದೆ, ಅಂದರೆ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಇಂಜಿನ್ ಸುಡುವುದಿಲ್ಲ. ಚೆಂದದ ಯೋಚನೆ ಅಲ್ವಾ. ಇದನ್ನು ಕಿತ್ತು ಎಸೆಯಿರಿ ಅನ್ನುವ ಮೇಸ್ತ್ರಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಡಿಸೆಂಬರಿನ ನಮ್ಮ ಬೆಳಗಿನ ಚಳಿಗೆ ಇಂಜಿನ್ ಬೇಗ ಬಿಸಿಯಾಗುವುದು ಒಳ್ಳೆಯದೇ.

ಫಿನ್‌ಗಳ (ಸಿಲಿಂಡರ್ ಸುತ್ತಲಿನ ತೆಳು ರೆಕ್ಕೆಗಳ) ನಡುವಿನ ಎಣ್ಣೆ ಮಣ್ಣನ್ನು ಬಿದಿರು ಕಡ್ಡಿಯಿಂದ ಕೆರೆದು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್‌ನಲ್ಲಿ ತೊಳೆಯಿರಿ. ಕಬ್ಬಿಣದ ಕಡ್ಡಿ ಬೇಡ. ಇಂಜಿನ್ ಸುತ್ತಲಿನ ತಗಡುಗಳು ಎಲ್ಲವೂ ಇರಬೇಕು, ಅಂಚಿನ ರಬ್ಬರ್ ಬೀಡಿಂಗ್ ಸಹ. ಅದು ಹೋಗಿದ್ದರೆ ಕೆಳಗಿನ ಬಿಸಿಗಾಳಿ ಮತ್ತೆ ಮೇಲೆ ಬಂದು ಫ್ಯಾನಿಗೇ ಹೋಗುತ್ತದೆ. ಮಳೆಗಾಲದಲ್ಲಿ ರಸ್ತೆಯ ಕೆಸರು ನೀರೂ ಅದೇ ದಾರಿ ಹಿಡಿಯುತ್ತದೆ.

ಕೈಯಲ್ಲಿ ತಿರುಗಿಸಿ ನೋಡುವುದು

ಎರಡು ದಿನ ಕಳೆದ ಮೇಲೆ ಕೆಳಗಿನ ದೊಡ್ಡ ಪುಲ್ಲಿಯ ನಟ್ಟಿಗೆ 30ರ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿ. ಬಿಗಿ ಇದ್ದರೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ. ಸ್ಪ್ಯಾನರಿಗೆ ಪೈಪ್ ಹಾಕಿ ನೇತಾಡಬೇಡಿ. ನಮ್ಮದು ಮೂರನೇ ದಿನ ಸಂಜೆ ಒಂದು ಸಣ್ಣ ಕಟ್ ಸದ್ದು ಮಾಡಿ ಬಿಟ್ಟುಕೊಂಡಿತು.

ತಿರುಗಿತು ಅಂತಾದರೆ ಒಂದು ಪರೀಕ್ಷೆ ಮಾಡಿ. ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಮತ್ತೆ ಒಳಗೆ ತಳ್ಳಿ. ಕ್ರ್ಯಾಂಕ್ ಶಾಫ್ಟಿನ ಈ ಆಟ 0.07ರಿಂದ 0.13 ಮಿ.ಮೀ. ಇರಬೇಕು, 0.15 ಮೀರಬಾರದು. ಸರಿಯಾಗಿ ಅಳೆಯಲು ಡಯಲ್ ಗೇಜ್ ಬೇಕು, ಆದರೆ ಟಕ್ ಟಕ್ ಅಂತ ಸದ್ದು ಬಂದು ಕಣ್ಣಿಗೇ ಕಾಣುವಷ್ಟು ಆಡಿದರೆ ಅಳತೆ ಯಾಕೆ? ಅಂಥ ಇಂಜಿನ್ನಿಗೆ ಕೇಸ್ ಸೀಳಿ ಬೇರಿಂಗ್ ಹಾಕಬೇಕು, ಅದು ಮನೆಯಂಗಳದ ಕೆಲಸವಲ್ಲ. ಗೊತ್ತಿರುವ ಗ್ಯಾರೇಜಿಗೆ ಕಳಿಸಿ. ಕೆಳಗೆ ಬರೆದದ್ದೆಲ್ಲ ಈ ಪರೀಕ್ಷೆ ಪಾಸಾದ ಇಂಜಿನ್ನಿಗೆ ಮಾತ್ರ.

ಆಯಿಲ್, ಮತ್ತು ನಾನು ಮಾಡಿದ ಎಡವಟ್ಟು

ಈ ಇಂಜಿನ್ನಿಗೆ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಅಡಿಯಲ್ಲಿ ಒಂದು ಜಾಲರಿ, ಅದನ್ನು ಹಿಡಿದಿರುವ ದುಂಡು ಪ್ಲೇಟು, ಅದಕ್ಕೆ ಆರು ಸಣ್ಣ ನಟ್ಟು. ಹಳೇ ಆಯಿಲನ್ನು ಬಿಳಿ ಪಂಚೆ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಕಪ್ಪು ಗಸಿ ಇದ್ದರೆ ಹೆದರಬೇಡಿ. ಅಯಸ್ಕಾಂತಕ್ಕೆ ಅಂಟುವ ಸಣ್ಣ ಪುಡಿ ಸ್ವಲ್ಪ ಇದ್ದರೂ ನಡೆಯುತ್ತದೆ. ತಾಮ್ರದ ಬಣ್ಣದ ಹೊಳೆಯುವ ಚಕ್ಕೆ ಕಂಡರೆ ಬೇರಿಂಗ್ ಸವೆದಿದೆ ಅಂತ ಲೆಕ್ಕ, ಅಲ್ಲಿಗೇ ನಿಲ್ಲಿಸಿ. ಸೋಸಿದ ಆಯಿಲನ್ನು ಕ್ಯಾನಿನಲ್ಲಿ ತುಂಬಿಸಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ, ತೋಡಿಗೆ ಸುರಿಯಬೇಡಿ. ನಮ್ಮ ತೋಡುಗಳೆಲ್ಲ ಕಡೆಗೆ ಕಾವೇರಿಗೇ ಸೇರುವುದು.

ಜಾಲರಿ ತೊಳೆದು, ಎರಡೂ ಬದಿ ಹೊಸ ಗ್ಯಾಸ್ಕೆಟ್, ನಟ್ಟಿನಡಿ ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದೆ. ಒಂದು ನಟ್ಟಿನ ಹತ್ತಿರ ಆಯಿಲ್ ಸೋರಿದ ಹಾಗೆ ಕಂಡಿತು. ಇನ್ನೊಂದು ಸುತ್ತು ಬಿಗಿ ಮಾಡೋಣ ಅಂತ ಸ್ಪ್ಯಾನರ್ ಎಳೆದೆ. ಮೊದಲು ಬಿಗಿ ಇತ್ತು, ಆಮೇಲೆ ಬೆಣ್ಣೆಗೆ ಚಾಕು ಹಾಕಿದ ಹಾಗೆ ಸಲೀಸಾಯಿತು. ಆ ಸಲೀಸು ಕೈಗೆ ತಾಗಿದಾಗಲೇ ಹೊಟ್ಟೆಯೊಳಗೆ ಏನೋ ಕುಸಿಯಿತು. ಸ್ಟಡ್ ಥ್ರೆಡ್ ಸಮೇತ ಕಿತ್ತು ಬಂದಿತ್ತು. ಕೇಸ್ ಮೆಗ್ನೀಸಿಯಂ ಮಿಶ್ರಲೋಹ, ಬಹಳ ಮೃದು. ಆ ನಟ್ಟಿಗೆ ಬೇಕಾದ ಬಿಗಿ ಬರೀ 7 ನ್ಯೂಟನ್ ಮೀಟರ್. ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ನಟ್ಟಿನ ಹತ್ತಿರವೇ ಮೂರು ಬೆರಳಲ್ಲಿ ಹಿಡಿದು ತಿರುಗಿಸಿ, ಅಷ್ಟೇ. ನನ್ನ ಆ ಅರ್ಧ ಸುತ್ತಿಗೆ ಒಂದು ಥ್ರೆಡ್ ಇನ್ಸರ್ಟ್, ಒಂದು ದಿನ, ಮೇಸ್ತ್ರಿಯ ಒಂದು ನಗು ಖರ್ಚಾಯಿತು. "ಜೀಪಲ್ಲ ಮಾರಾಯ ಇದು" ಅಂದರು, ಅಷ್ಟೇ.

ಹೊಸ ಆಯಿಲ್ 2.5 ಲೀಟರ್, 20ಡಬ್ಲ್ಯು-50 ನಮ್ಮ ಹವೆಗೆ ಸರಿ. ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಳ್ಳಬೇಡಿ, ಕಡ್ಡಿಯ ಮೇಲಿನ ಗೆರೆ ದಾಟಿದರೆ ಸಿಕ್ಕಲ್ಲೆಲ್ಲ ಸೋರುತ್ತದೆ.

ಟ್ಯಾಪೆಟ್

ಇದನ್ನು ಕಲಿತರೆ ಅರ್ಧ ಇಂಜಿನ್ ಕಲಿತ ಹಾಗೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಅಂದರೆ ರಾತ್ರಿಯಿಡೀ ನಿಂತಿರಬೇಕು. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು, 0.15 ಮಿ.ಮೀ., ಇನ್‌ಲೆಟ್ಟಿಗೂ ಎಕ್ಸಾಸ್ಟಿಗೂ ಒಂದೇ. ಹಳೇ ಪುಸ್ತಕಗಳಲ್ಲಿ ಕೆಲವು ಇಂಜಿನ್ನಿಗೆ 0.10 ಅಂತ ಇದೆ, ನಾನು 0.15 ಇಡುತ್ತೇನೆ. ಸ್ವಲ್ಪ ಸಡಿಲ ಇದ್ದರೆ ಟಿಕ್ ಟಿಕ್ ಸದ್ದು ಬರುತ್ತದೆ, ಅಷ್ಟೇ. ಬಿಗಿ ಇದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ತನ್ನ ಬಿಸಿಯನ್ನು ಹೆಡ್ಡಿಗೆ ಕೊಡಲಾಗದೆ ಸುಟ್ಟುಹೋಗುತ್ತದೆ.

ಸಿಲಿಂಡರ್ ನಂಬರ್ ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಇಂಜಿನ್ ಹಿಂದೆ ಇದೆ, ನೀವು ಹಿಂದಿನಿಂದ ನೋಡುತ್ತೀರಿ, ಆದರೆ ಲೆಕ್ಕ ಗಾಡಿ ಹೋಗುವ ದಿಕ್ಕಿನಿಂದ. ಬಲಬದಿಯಲ್ಲಿ, ಅಂದರೆ ನಮ್ಮ ಬಲಗೈ ಸ್ಟೀರಿಂಗ್ ಗಾಡಿಯ ಡ್ರೈವರ್ ಬದಿಯಲ್ಲಿ, ಗೇರ್‌ಬಾಕ್ಸ್ ಹತ್ತಿರದ್ದು 1, ಬಂಪರ್ ಹತ್ತಿರದ್ದು 2. ಎಡಬದಿಯಲ್ಲಿ ಗೇರ್‌ಬಾಕ್ಸ್ ಹತ್ತಿರದ್ದು 3, ಬಂಪರ್ ಹತ್ತಿರದ್ದು 4. ನಾನು ಚಾಕ್‌ಪೀಸಿನಲ್ಲಿ ತಗಡಿನ ಮೇಲೆ ಬರೆದುಬಿಟ್ಟೆ. ನಾಚಿಕೆ ಏನಿಲ್ಲ.

ಈಗ ಡೆಲ್ಕೋ, ಅಂದರೆ ನಾಲ್ಕೂ ಪ್ಲಗ್ಗಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಅದರ ಮುಚ್ಚಳ ತೆಗೆಯಿರಿ. ಪುಲ್ಲಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ, ಡೆಲ್ಕೋ ಒಳಗೆ ತಿರುಗುವ ರೋಟರ್, ಡೆಲ್ಕೋ ಅಂಚಿನಲ್ಲಿರುವ ಸಣ್ಣ ಗೀರಿನ ಕಡೆ ಮುಖ ಮಾಡುವಂತೆ, ಪುಲ್ಲಿಯ ಗುರುತು ಕೇಸಿನ ಮಧ್ಯದ ಗೆರೆಗೆ ಬರುವಂತೆ ನಿಲ್ಲಿಸಿ. ಒಂದೆರಡು ಡಿಗ್ರಿ ಆಚೀಚೆ ಆದರೂ ಟ್ಯಾಪೆಟ್ಟಿಗೆ ಅಡ್ಡಿಯಿಲ್ಲ. 1ನೇ ಸಿಲಿಂಡರಿನ ಎರಡೂ ವಾಲ್ವ್ ಈಗ ಮುಚ್ಚಿವೆ. ಪುಲ್ಲಿಯ ಮೇಲೆ ಇದಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಬಿಳಿ ಪೇಂಟಿನ ಚುಕ್ಕೆ ಇಡಿ.

ಸೈಡ್ ಕವರಿನ ತಂತಿ ಕ್ಲಿಪ್ಪನ್ನು ಕೆಳಗೆ ಒತ್ತಿ ಬಿಡಿಸಿ. 13ರ ರಿಂಗ್ ಸ್ಪ್ಯಾನರಿನಲ್ಲಿ ಲಾಕ್ ನಟ್ ಸಡಿಲಿಸಿ, ಗ್ಯಾಪ್ ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ತೂರಿಸಿ, ಸ್ಕ್ರೂ ತಿರುಗಿಸಿ. ಗೇಜ್ ಎಳೆದರೆ ಬರಬೇಕು, ಆದರೆ ಒದ್ದೆ ಕಾಗದದ ನಡುವಿನಿಂದ ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ನೋಡಿ, ಬಿಗಿ ಮಾಡುವಾಗ ಸ್ಕ್ರೂ ಜೊತೆಗೇ ಸುತ್ತಿಕೊಂಡು ಗ್ಯಾಪ್ ಬದಲಾಗಿಬಿಡುತ್ತದೆ. ಆಮೇಲೆ ಪುಲ್ಲಿಯನ್ನು ಹಿಂದಕ್ಕೆ, ಗಡಿಯಾರಕ್ಕೆ ವಿರುದ್ಧವಾಗಿ, ಅರ್ಧ ಸುತ್ತು. ಈಗ 2ನೇದು. ಇನ್ನರ್ಧ ಸುತ್ತು, 3. ಇನ್ನರ್ಧ, 4. ಬೆಂಕಿ ಬೀಳುವ ಕ್ರಮ 1-4-3-2 ಆದ್ದರಿಂದ ಹಿಂದಕ್ಕೆ ತಿರುಗಿಸಿದರೆ 1, 2, 3, 4 ಅಂತ ಸಾಲಾಗಿ ಬರುತ್ತದೆ.

3ನೇ ಸಿಲಿಂಡರ್ ಎಕ್ಸಾಸ್ಟ್ ವಾಲ್ವನ್ನು ವಿಶೇಷವಾಗಿ ಗಮನಿಸಿ. ಪ್ರತಿ ಹೆಡ್ಡಿನಲ್ಲೂ ಎರಡು ತುದಿಯವು ಎಕ್ಸಾಸ್ಟ್, ನಡುವಿನವು ಇನ್‌ಲೆಟ್. 1971ಕ್ಕಿಂತ ಹಿಂದಿನ ಮಾಡೆಲ್‌ಗಳಲ್ಲಿ ಆಯಿಲ್ ಕೂಲರ್ ಹೌಸಿಂಗಿನ ಒಳಗೇ 3ಕ್ಕೆ ಹೋಗುವ ಗಾಳಿಗೆ ಅಡ್ಡ ನಿಂತಿದೆ. ಬೇರೆಯವಕ್ಕಿಂತ ಅದು ಜಾಸ್ತಿ ಬಿಸಿಯಾಗುತ್ತದೆ. ಪ್ರತಿ ಸಲ ನೋಡಿದಾಗಲೂ ಅದರ ಗ್ಯಾಪ್ ಮಾತ್ರ ಕಡಿಮೆಯಾಗುತ್ತಿದ್ದರೆ, ಒಂದೋ ವಾಲ್ವ್ ಉದ್ದವಾಗುತ್ತಿದೆ, ಇಲ್ಲವೇ ಸೀಟಿನೊಳಗೆ ಕುಸಿಯುತ್ತಿದೆ. ಸೆಟ್ ಮಾಡಿ ಮಾಡಿ ಓಡಿಸಬೇಡಿ. ಒಂದು ದಿನ ಅದರ ತಲೆ ಕಡಿದು ಪಿಸ್ಟನ್ ಮೇಲೆ ಬೀಳುತ್ತದೆ. ಹೆಡ್ ಬಿಚ್ಚಿಸಿ.

ಕವರಿನ ಕಾರ್ಕ್ ಗ್ಯಾಸ್ಕೆಟನ್ನು ಕವರ್ ಬದಿಗೆ ಮಾತ್ರ ಗಮ್ ಹಾಕಿ ಅಂಟಿಸಿ, ಹೆಡ್ ಬದಿಗೆ ಗ್ರೀಸ್ ಸವರಿ. ಮುಂದಿನ ಸಲ ಹರಿಯದೆ ಬಿಚ್ಚಿ ಬರುತ್ತದೆ.

ಕಂಪ್ರೆಷನ್

ಇಂಜಿನ್ ಮತ್ತೆ ಕೂರಿಸಿ, ಕಾಯಿಲ್ ವೈರ್ ತೆಗೆದು, ನಾಲ್ಕೂ ಪ್ಲಗ್ ಹೊರಗಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಲೈಟ್ ಆರುವವರೆಗೆ, ಬಿಟ್ಟು ಬಿಟ್ಟು. ಆರಿದ ಮೇಲೆ ಪ್ಲಗ್ ತೂತಿಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ನಾಲ್ಕೈದು ಸುತ್ತು. 100ರಿಂದ 130 ಪಿಎಸ್ಐ ಬಂದರೆ ಖುಷಿಪಡಿ. ಆದರೆ ಇದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಮೇಲೆ, ಇಲ್ಲಿ ಗಾಳಿಯೇ ತೆಳು, ಗೇಜಿನಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿಮೆ ತೋರಿಸುತ್ತದೆ. ಮಂಗಳೂರಿನ ಗೆಳೆಯರ ನಂಬರ್ ಜೊತೆ ಹೋಲಿಸಿ ಬೇಸರ ಮಾಡಿಕೊಳ್ಳಬೇಡಿ. ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು, ಅದೇ ಮುಖ್ಯ. ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸಿಲಿಂಡರಿಗೆ ಗಾಳಿ ಹೊಡೆದು ಕಿವಿಗೊಡಿ. ಸೈಲೆನ್ಸರಿನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಿ ಅಂದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್. ವರ್ಷಗಟ್ಟಲೆ ನಿಂತ ಇಂಜಿನ್ ಮೊದಲ ದಿನ ಕಡಿಮೆ ತೋರಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಸುಧಾರಿಸುವುದೂ ಉಂಟು.

ಬೆಂಕಿ ಬೇಕಾದಲ್ಲಿ, ಬೇಡದಲ್ಲಿ

ಡೆಲ್ಕೋ ಒಳಗಿನ ಸಿಬಿ ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6ರಿಂದ 0.7. ಪಾಯಿಂಟ್, ಕಂಡೆನ್ಸರ್, ಡೆಲ್ಕೋ ಮುಚ್ಚಳ ಹೊಸದೇ ಹಾಕಿ, ದೊಡ್ಡ ಖರ್ಚಲ್ಲ. ಪ್ಲಗ್ ಕಿಡಿ ಹಾರುವ ಟೈಮಿಂಗ್ ಮಾತ್ರ ಇಂಜಿನ್ನಿನಿಂದ ಇಂಜಿನ್ನಿಗೆ ಬೇರೆ. ಡೈನಮೋ ಸ್ಟ್ಯಾಂಡ್ ಕೆಳಗೆ ಕೇಸಿನ ಮೇಲೆ ನಂಬರ್ ಕೊರೆದಿದೆ, ಅದನ್ನು ನೋಡಿ ನಿಮ್ಮ ಪುಸ್ತಕದ ಪ್ರಕಾರ ಇಡಿ.

ಪೆಟ್ರೋಲ್ ಪೈಪಿನಲ್ಲಿ ಜಿಪುಣತನ ಬೇಡ. ಒಂದಿಂಚು ಹಳೇ ರಬ್ಬರನ್ನೂ ಉಳಿಸಬೇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದಕ್ಕೆ ತಡೆಯುವ ಪೈಪನ್ನೇ ಕೇಳಿ ತನ್ನಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮೂರಿನಲ್ಲಿ ತೇವಕ್ಕೇನು ಬರ. ಇನ್ನೊಂದನ್ನು ತಪ್ಪದೆ ನೋಡಿ: ಕಾರ್ಬುರೇಟರಿಗೆ ಪೆಟ್ರೋಲ್ ಬರುವ ಸಣ್ಣ ಹಿತ್ತಾಳೆ ನಳಿಗೆಯನ್ನು ಒತ್ತಿ ಕೂರಿಸಿರುತ್ತಾರೆ, ವಯಸ್ಸಾದಂತೆ ಸಡಿಲವಾಗುತ್ತದೆ. ಕೈಯಲ್ಲಿ ಹಿಡಿದು ತಿರುಚಿದಾಗ ಅಲ್ಲಾಡಿದರೆ ಗಾಡಿ ಓಡಿಸಬೇಡಿ. ಅದು ಓಡುವಾಗ ಕಳಚಿದರೆ ಪೆಟ್ರೋಲ್ ಬೀಳುವುದು ಡೆಲ್ಕೋ ಕಡೆಗೇ. ಮೆಗ್ನೀಸಿಯಂ ಕೇಸಿಗೆ ಬೆಂಕಿ ಹತ್ತಿಕೊಂಡರೆ ನೀರು ಹಾಕಿದಷ್ಟೂ ಜಾಸ್ತಿಯಾಗುತ್ತದೆ. ಪೌಡರ್ ಎಕ್ಸ್‌ಟಿಂಗ್ವಿಷರ್ ಒಂದನ್ನು ಸೀಟಿನ ಹತ್ತಿರ ಇಡಿ, ಬೆಂಕಿ ಪೆಟ್ರೋಲಿನಲ್ಲೇ ಇರುವಾಗ ಆರಿಸಿಬಿಡಬೇಕು.

ಸ್ಟಾರ್ಟ್ ಆದ ಮೇಲೆ

ಬೆಲ್ಟ್ ಹೊಸದು ಹಾಕಿ, ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 15 ಮಿ.ಮೀ. ತಗ್ಗಬೇಕು. ಡೈನಮೋ ಪುಲ್ಲಿಯ ಎರಡು ಹೋಳಿನ ನಡುವೆ ವಾಷರ್ ಕೂಡಿಸಿ ಕಳೆದು ಇದನ್ನು ಹೊಂದಿಸುವುದು. ಓಡುವಾಗ ಕೆಂಪು ಡೈನಮೋ ಲೈಟ್ ಹತ್ತಿದರೆ ಅಲ್ಲೇ ನಿಲ್ಲಿಸಿ. ಬೇರೆ ಗಾಡಿಯಲ್ಲಾದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಮನೆಗೆ ಹೋಗಿ ನೋಡೋಣ ಅನ್ನಬಹುದು. ಇಲ್ಲಿ ಬೆಲ್ಟ್ ಹೋದರೆ ಫ್ಯಾನೂ ನಿಂತ ಹಾಗೆ.

ಮೊದಲ ವಾರ ಊರೊಳಗೇ ಓಡಿಸಿ, ಸಂಪಾಜೆ ಘಾಟಿಗೆ ಅವಸರ ಬೇಡ. ಹೋದಾಗ ಹತ್ತುವ ಕ್ರಮ ಗೊತ್ತಿರಲಿ. ಫ್ಯಾನ್ ತಿರುಗುವುದು ಇಂಜಿನ್ ವೇಗಕ್ಕೆ ತಕ್ಕಂತೆ. ಟಾಪ್ ಗೇರಿನಲ್ಲಿ ಗೊರಗೊರ ಅನ್ನಿಸುತ್ತಾ ಎಳೆದರೆ ಭಾರ ಜಾಸ್ತಿ, ಗಾಳಿ ಕಮ್ಮಿ. ಪೆಟ್ರೋಲ್ ಉಳಿಸುವ ಆಸೆಗೆ ಹಾಗೆ ಮಾಡಿ ಇಂಜಿನ್ ಸುಟ್ಟವರು ಇದ್ದಾರೆ. ಬೇಗ ಗೇರ್ ಇಳಿಸಿ, ಇಂಜಿನ್ ಹಗುರವಾಗಿ ಹಾಡಿಕೊಂಡು ಹತ್ತಲಿ.

500 ಕಿಲೋಮೀಟರ್ ಆದಾಗ ಆಯಿಲ್ ಮತ್ತೆ ಬದಲಿಸಿ, ಜಾಲರಿ ನೋಡಿ, ಟ್ಯಾಪೆಟ್ ಮತ್ತೊಮ್ಮೆ ಅಳೆದು ನಂಬರನ್ನು ಗೋಡೆಯ ಕ್ಯಾಲೆಂಡರಿನಲ್ಲಾದರೂ ಬರೆದಿಡಿ. ಜೂನ್ ಬಂದು ಗಾಡಿ ಶೆಡ್ಡಿಗೆ ಹೋಗುವಾಗ ಇಲಿಗೆ ಹೆದರಿ ಫ್ಯಾನ್ ಬಾಯಿಗೆ ಬಟ್ಟೆ ತುರುಕುವವರಿದ್ದಾರೆ. ನಾನೂ ಒಂದು ವರ್ಷ ತುರುಕಿದ್ದೆ, ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಬೆಳಿಗ್ಗೆ ಮರೆತು ಸ್ಟಾರ್ಟೂ ಮಾಡಿದೆ, ಪುಣ್ಯಕ್ಕೆ ಎರಡೇ ನಿಮಿಷ. ಈಗ ಬಟ್ಟೆ ಇಲ್ಲ. ಹಿಂದಿನ ಸೀಳುಗಳ ಒಳಬದಿಗೆ ಸೊಳ್ಳೆ ಪರದೆಯಲ್ಲ, ಅದಕ್ಕಿಂತ ದೊಡ್ಡ ಕಣ್ಣಿನ ತಂತಿ ಜಾಲರಿ ಕಟ್ಟಿದ್ದೇನೆ. ಇಂಜಿನ್ ಕೆಳಗಿನಿಂದ ಬರುವ ಇಲಿಗೆ ಮನೆಯ ಬೆಕ್ಕೇ ಗತಿ.